ಜೈಲು ಕಂಡಿತು, ಅಳಿಸಿದ್ದು ಕಾಣಲಿಲ್ಲ

ಅಸೀಮ್ ತ್ರಿವೇದಿ ಎಂದರೆ ಮುಂಬಯಿಯಲ್ಲಿ ಹೆಚ್ಚಿನವರಿಗೆ ಈಗಲೂ ನೆನಪಾಗುವುದು ಎರಡೇ ಸಂಗತಿ: 2012ರ ಸೆಪ್ಟೆಂಬರಿನ ಬಂಧನ, ಮರುತಿಂಗಳ ‘ಬಿಗ್ ಬಾಸ್’ ಮನೆ. ಎರಡನೆಯದನ್ನು ಮುಂದಿಟ್ಟುಕೊಂಡು ಮೊದಲನೆಯದನ್ನು ಗೇಲಿ ಮಾಡುವವರಿಗೆ ಆಗಲೂ ಬರವಿರಲಿಲ್ಲ, ಈಗಲೂ ಇಲ್ಲ. ಪ್ರಚಾರದ ಹುಚ್ಚು, ಚಿತ್ರಗಳಲ್ಲಿ ನಗು ಇಲ್ಲ, ಮೈಸೂರಿನಿಂದ ಬಂದ ಆರ್.ಕೆ. ಲಕ್ಷ್ಮಣ್ ದಶಕಗಟ್ಟಲೆ ಬರೆದ ಊರಿನಲ್ಲಿ ಇದನ್ನೂ ವ್ಯಂಗ್ಯಚಿತ್ರ ಅನ್ನಬೇಕೆ?

ನಗು ಇಲ್ಲ ಎಂಬುದು ನಿಜವೇ. ರಾಷ್ಟ್ರಲಾಂಛನದ ಸಿಂಹಗಳ ಜಾಗದಲ್ಲಿ ತೋಳಗಳು, ಕೆಳಗೆ ‘ಭ್ರಷ್ಟಮೇವ ಜಯತೇ’ ಎಂಬ ಬರಹ. ಇನ್ನೊಂದರಲ್ಲಿ ಸಂಸತ್ ಭವನವೇ ಕಮೋಡು. ಸಿಟ್ಟು ಇದೆ, ಅಸಹ್ಯ ಇದೆ, ಸೂಕ್ಷ್ಮ ಇಲ್ಲ. 2015ರ ಮಾರ್ಚ್ 17ರಂದು ಬಾಂಬೆ ಹೈಕೋರ್ಟ್ ಕೂಡ ಈ ಚಿತ್ರಗಳಲ್ಲಿ ಹಾಸ್ಯವಾಗಲಿ ಚಾತುರ್ಯವಾಗಲಿ ಕಾಣುವುದಿಲ್ಲ ಎಂದೇ ಹೇಳಿತು. ಆದರೆ ಅಷ್ಟಕ್ಕೇ ಬಿಡಲಿಲ್ಲ. ಹಿಂಸೆಗೆ ಪ್ರಚೋದನೆ ನೀಡಿದ ಆರೋಪವೇ ಇಲ್ಲದಿರುವಾಗ, ಆ ಕಾರಣಕ್ಕೆ ಒಬ್ಬರ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಕೈಹಾಕುವಂತಿರಲಿಲ್ಲ ಎಂದೂ ಹೇಳಿತು. ಗೇಲಿ ಮಾಡುವವರು ಮೊದಲರ್ಧ ಓದಿ ಎದ್ದುಹೋದವರು. ಚೆನ್ನಾಗಿ ಬರೆಯುವವರಿಗೆ ಮಾತ್ರ ಸಿಗುವುದಾದರೆ ಅದು ಹಕ್ಕಲ್ಲ, ಅಕಾಡೆಮಿ ಪ್ರಶಸ್ತಿ.

ಅವರ ಪರ ನಿಂತವರ ಕಥೆಯೂ ಅರ್ಧಂಬರ್ಧವೇ. ಅವರು ಹೇಳುವುದೆಲ್ಲ ಜೈಲಿನದು: ರಾಜದ್ರೋಹದ ಆರೋಪ, ಅದನ್ನು ಕೈಬಿಡುವವರೆಗೆ ಜಾಮೀನು ಕೇಳುವುದಿಲ್ಲ ಎಂಬ ಹಟ, ವಕೀಲರೊಬ್ಬರ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಹೈಕೋರ್ಟೇ ಕೊಟ್ಟ ಜಾಮೀನು, ಆರ್ಥರ್ ರೋಡ್ ಜೈಲಿನ ಹೊರಗೆ ಸೇರಿದ ಕ್ಯಾಮೆರಾಗಳು. ಟಿವಿಗೆ ಹೇಳಿ ಮಾಡಿಸಿದ ಕಥೆ. ಆದರೆ ಅವರ ಬಾಯಿಗೆ ಬೀಗ ಬಿದ್ದದ್ದು ಅದಕ್ಕೂ ಒಂಬತ್ತು ತಿಂಗಳು ಮೊದಲು, 2011ರ ಡಿಸೆಂಬರಿನಲ್ಲಿ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಮೈದಾನದಲ್ಲಿ ಅಣ್ಣಾ ಹಜಾರೆಯವರ ಉಪವಾಸ ನಡೆಯುತ್ತಿದ್ದಾಗಲೇ ತ್ರಿವೇದಿಯವರ ಜಾಲತಾಣ ಮಾಯವಾಯಿತು. ಕೋರ್ಟಿನ ಆದೇಶವಿರಲಿಲ್ಲ. ವಿಳಾಸ ಮಾರಿದ್ದ ಕಂಪನಿಗೆ ಮುಂಬಯಿ ಕ್ರೈಂ ಬ್ರಾಂಚಿನ ಮಾತೇ ಸಾಕಾಯಿತು. ಚಿತ್ರ ಬರೆದವರಿಗೆ ಸುದ್ದಿ ಮುಟ್ಟಿದ್ದು ಎಲ್ಲ ಮುಗಿದ ಮೇಲೆ. ಅಲ್ಲಿ ಕ್ಯಾಮೆರಾ ಇರಲಿಲ್ಲ. ಇಲ್ಲದ ಪುಟದ ಫೋಟೋ ಯಾರು ತೆಗೆಯುತ್ತಾರೆ?

ಇದನ್ನು ತ್ರಿವೇದಿ ಮಾತ್ರ ಸರಿಯಾಗಿ ಅರ್ಥ ಮಾಡಿಕೊಂಡಿದ್ದರು. ‘ಸೇವ್ ಯುವರ್ ವಾಯ್ಸ್’ ಎಂಬ ಚಳವಳಿ ಕಟ್ಟಿದರು. 2012ರ ಡಿಸೆಂಬರಿನಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 66ಎ ರದ್ದಾಗಬೇಕೆಂದು ದೆಹಲಿಯ ಜಂತರ್ ಮಂತರಿನಲ್ಲಿ ಉಪವಾಸ ಕೂತರು. ಅಷ್ಟರಲ್ಲಿ, ಬಾಳ ಠಾಕ್ರೆ ತೀರಿಕೊಂಡಾಗಿನ ಬಂದ್ ಬಗ್ಗೆ ಬಂದ ಒಂದು ಫೇಸ್‌ಬುಕ್ ಪೋಸ್ಟಿಗೆ ಪಾಲ್ಘರಿನಲ್ಲಿ ಇಬ್ಬರು ಯುವತಿಯರನ್ನು ಹಿಡಿದಿದ್ದರು. 2015ರ ಮಾರ್ಚ್ 24ರಂದು, ಅಂದರೆ ಬಾಂಬೆ ಹೈಕೋರ್ಟಿನ ತೀರ್ಪಿಗೆ ಸರಿಯಾಗಿ ಒಂದು ವಾರಕ್ಕೆ, ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 66ಎ ಅನ್ನು ಹೊಡೆದುಹಾಕಿತು. ಸಿಹಿ ಹಂಚಿದರು. ಅದೇ ತೀರ್ಪು 69ಎ ಅನ್ನು ಉಳಿಸಿತು ಎಂಬುದನ್ನು ಸಿಹಿ ತಿಂದವರಲ್ಲಿ ಎಷ್ಟು ಜನ ಗಮನಿಸಿದರು?

66ಎ ಜನರನ್ನು ಹಿಡಿಯುವ ಸೆಕ್ಷನ್. 69ಎ ಪುಟಗಳನ್ನು ಮುಚ್ಚುವ ಸೆಕ್ಷನ್. ಅದರ ಕೆಳಗಿನ 2009ರ ನಿಯಮಗಳಲ್ಲಿ, ಮುಚ್ಚುವ ಮೊದಲು ನೋಟಿಸ್ ಕೊಡಬೇಕಾದದ್ದು ‘ವ್ಯಕ್ತಿ ಅಥವಾ ಮಧ್ಯವರ್ತಿ’ಗೆ. ಆ ‘ಅಥವಾ’ದೊಳಗೆ ಒಂದು ಇಡೀ ಆಡಳಿತ ನುಸುಳಿದೆ. ಬರೆದವರ ಗುರುತು ಸಿಕ್ಕರೆ ಅವರ ಮಾತನ್ನೂ ಕೇಳಬೇಕು ಎಂಬ ಅರ್ಥದಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ಓದಿತು. ಬಳಕೆಯಲ್ಲಿ ಮಾತ್ರ ಬಹುಪಾಲು ಕಂಪನಿಗೆ ತಿಳಿಸಿದರೆ ಕೆಲಸ ಮುಗಿಯಿತು. ಮೇಲಿಂದ ನಿಯಮ 16: ದೂರು, ಕೋರಿಕೆ, ಕ್ರಮ ಎಲ್ಲವೂ ಕಟ್ಟುನಿಟ್ಟಾಗಿ ಗುಟ್ಟು. ಗುಟ್ಟಿನ ಆದೇಶವನ್ನು ಪ್ರಶ್ನಿಸಲು ಬರೆದವರು ಯಾವ ಕಾಗದ ಹಿಡಿದು ಕೋರ್ಟಿಗೆ ಹೋಗಬೇಕು?

ಹೋದ ಕಂಪನಿಗಳ ಗತಿ ಗೊತ್ತೇ ಇದೆ. 2023ರಲ್ಲಿ ಕರ್ನಾಟಕ ಹೈಕೋರ್ಟ್ ಟ್ವಿಟರ್ ಅರ್ಜಿಯನ್ನು 50 ಲಕ್ಷ ರೂಪಾಯಿ ದಂಡ ಹಾಕಿ ವಜಾ ಮಾಡಿತು. 2025ರ ಸೆಪ್ಟೆಂಬರಿನಲ್ಲಿ ‘ಸಹಯೋಗ’ ಪೋರ್ಟಲ್ ವಿರುದ್ಧದ ಅರ್ಜಿಯೂ ಅಲ್ಲೇ ಬಿದ್ದುಹೋಯಿತು. ರಾಜ್ಯಗಳ ಪೊಲೀಸರೂ ಸೇರಿ ಸರ್ಕಾರಿ ಅಧಿಕಾರಿಗಳು ‘ಇದನ್ನು ತೆಗೆಯಿರಿ’ ಎಂದು ಕಂಪನಿಗಳಿಗೆ ನೇರ ಸೂಚನೆ ಕಳಿಸುವ ಪೋರ್ಟಲ್ ಅದು. 2011ರಲ್ಲಿ ಮುಂಬಯಿ ಪೊಲೀಸರು ಮಾಡಿದ್ದು ಅತಿರೇಕ ಎನಿಸಿತ್ತು. ಈಗ ಅದಕ್ಕೊಂದು ಲಾಗಿನ್ ಇದೆ, ಪಾಸ್‌ವರ್ಡ್ ಇದೆ. ಎಕ್ಸ್ ಕಂಪನಿ ಶ್ರೀಮಂತರದ್ದು, ಅದರ ಸೋಲಿಗೆ ಅಳಬೇಕಾಗಿಲ್ಲ ಎನ್ನುವವರಿದ್ದಾರೆ. ಸರಿ, ಅಳುವುದು ಬೇಡ. ಆದರೆ ತೆಗೆಸಿದ ಪೋಸ್ಟುಗಳು ಕಂಪನಿಯವಲ್ಲವಲ್ಲ.

ಇವತ್ತು ತೋಳದ ಚಿತ್ರ ಬರೆದವರ ಮನೆಗೆ ಪೊಲೀಸರು ಬರಬೇಕಾಗಿಯೇ ಇಲ್ಲ. ಪುಣೆಯಲ್ಲಿ ಕೂತು ಬರೆದು ಹಾಕಿದ್ದನ್ನು ದಾವಣಗೆರೆಯ ಗೆಳೆಯ ನೋಡಲು ಹೋಗುತ್ತಾನೆ. ಲಿಂಕ್ ತೆರೆಯುವುದಿಲ್ಲ. ನೆಟ್‌ವರ್ಕ್ ಸರಿಯಿಲ್ಲವೇನೋ ಅಂದುಕೊಂಡು ಫೋನ್ ಕೆಳಗಿಡುತ್ತಾನೆ.