ಗೋಪುರ ಏಳಲಿ, ನೆಲಮಹಡಿ ಜನರದ್ದಾಗಿರಲಿ

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ರೈಲು ನಿಲ್ದಾಣವನ್ನೂ ಅದರೆದುರಿನ ಬಸ್ ನಿಲ್ದಾಣವನ್ನೂ ಹೊಸದಾಗಿ ಕಟ್ಟುವ ಮಾತು ಆಗಾಗ ಕೇಳಿಬರುತ್ತದೆ. ಇಂಥ ಯೋಜನೆ ಎಂದರೆ ಮಾಲ್, ಹೋಟೆಲ್, ಕಚೇರಿಗಳು ಒಟ್ಟಿಗೇ ಇರುವ ಬಹುಮಹಡಿ ಗೋಪುರಗಳು ಎಂದಾಗಿಬಿಟ್ಟಿದೆ.

ಗೋಪುರಗಳಿಗೆ ನನ್ನ ವಿರೋಧವಿಲ್ಲ. ಹತ್ತು ಪ್ಲಾಟ್‌ಫಾರ್ಮ್‌ಗಳ ರೈಲು ನಿಲ್ದಾಣ, ಎದುರಿಗೇ ಬಿಎಂಟಿಸಿ, ಕೆಎಸ್‌ಆರ್‌ಟಿಸಿ ಬಸ್ಸುಗಳು, ನೆಲದಡಿ 2017ರಿಂದ ಪರಸ್ಪರ ಕೂಡುವ ಮೆಟ್ರೊದ ನೇರಳೆ ಮತ್ತು ಹಸಿರು ಮಾರ್ಗಗಳು. ಇಷ್ಟೊಂದು ಸಾರ್ವಜನಿಕ ಸಾರಿಗೆ ಸೇರುವ ಇನ್ನೊಂದು ಜಾಗ ರಾಜ್ಯದಲ್ಲಿಲ್ಲ. ರೈಲಿಳಿದು ಲಿಫ್ಟ್ ಹತ್ತಿದರೆ ಕಚೇರಿ ಸಿಗುವಂತಾದರೆ ರಸ್ತೆಯಲ್ಲಿ ಅಷ್ಟು ವಾಹನ ಕಡಿಮೆ. ನಿಲ್ದಾಣಗಳ ಮೇಲೆ ಮನೆ, ಮಳಿಗೆ ಕಟ್ಟಿ, ಆ ಆದಾಯವನ್ನು ರೈಲಿಗೇ ಬಳಸಬಹುದೆಂದು ಹಾಂಗ್‌ಕಾಂಗ್‌ನ ಮೆಟ್ರೊ ಸಂಸ್ಥೆ ತೋರಿಸಿಕೊಟ್ಟಿದೆ.

ಪ್ರಶ್ನೆ ಇರುವುದು ಎತ್ತರದ ಬಗ್ಗೆ ಅಲ್ಲ, ಒಳಗೆ ಯಾರಿಗೆ ಜಾಗ ಎಂಬುದರ ಬಗ್ಗೆ. ಗುಜರಾತಿನ ಗಾಂಧಿನಗರದಲ್ಲಿ 2021ರಲ್ಲಿ ರೈಲು ನಿಲ್ದಾಣದ ಮೇಲೆಯೇ 318 ಕೋಣೆಗಳ ಪಂಚತಾರಾ ಹೋಟೆಲ್ ಬಂತು. ರೈಲು ಓಡಾಡುವ ಹಳಿಗಳ ಮೇಲೆ ಕಟ್ಟಡ ನಿಲ್ಲಿಸುವುದು ಎಂಜಿನಿಯರಿಂಗ್ ದೃಷ್ಟಿಯಿಂದ ಸಣ್ಣ ಸಾಧನೆಯಲ್ಲ. ಆದರೆ ಕೆಳಗೆ ರೈಲಿನಿಂದ ಇಳಿದವರಲ್ಲಿ ಎಷ್ಟು ಮಂದಿಗೆ ಮೇಲೆ ಕೋಣೆ ಹಿಡಿಯಲು ಸಾಧ್ಯ? ಮೆಜೆಸ್ಟಿಕ್‌ಗೆ ಹೊಂದಿಕೊಂಡ ಬಡಾವಣೆಯ ಹೆಸರೂ ಗಾಂಧಿನಗರವೇ. ಅಗತ್ಯ ಮಾತ್ರ ಬೇರೆ.

ರಾಣಿ ಚೆನ್ನಮ್ಮ, ಹಂಪಿ ಎಕ್ಸ್‌ಪ್ರೆಸ್‌ಗಳಲ್ಲಿ ರಾತ್ರಿಯಿಡೀ ಕುಳಿತು ಪರೀಕ್ಷೆಗೋ ಸಂದರ್ಶನಕ್ಕೋ ಬರುವ ಹುಡುಗ ಹುಡುಗಿಯರಿಗೆ ಬೇಕಿರುವುದು ಮುಖ ತೊಳೆಯಲು ನೀರು, ಚೀಲ ಇಡಲು ಜಾಗ, ಎರಡು ತಾಸು ನೆಮ್ಮದಿಯ ನಿದ್ದೆ. ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬರುವ ಕುಟುಂಬಗಳಿಗೂ ಅಷ್ಟೇ. ಆದ್ದರಿಂದ ಗೋಪುರದ ಕೆಲವು ಮಹಡಿಗಳು ಅಗ್ಗದ ಡಾರ್ಮಿಟರಿಗೆ, ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್‌ಗೆ ಮೀಸಲಾಗಬೇಕು.

ಎಲ್ಲಕ್ಕಿಂತ ಮುಖ್ಯ ನೆಲಮಹಡಿ. ರೈಲಿನಿಂದ ಬಸ್ಸಿಗೆ, ಮೆಟ್ರೊಗೆ ಹೋಗುವ ದಾರಿ ಮಾಲ್‌ನೊಳಗೆ ಸುತ್ತಬಾರದು. ಅದು ಅಗಲವಾಗಿ, ಮೆಟ್ಟಿಲುಗಳಿಲ್ಲದೆ, ರಾತ್ರಿಯಿಡೀ ತೆರೆದಿರಬೇಕು. ಅಂಗಡಿಗಳ ಷಟರ್ ಎಳೆದಾಗ ದಾರಿಯೂ ಮುಚ್ಚಿದರೆ ನಡುರಾತ್ರಿ ಇಳಿದವರು ಎಲ್ಲಿಗೆ ಹೋಗಬೇಕು? ಇಡ್ಲಿ, ಚಹಾ, ಹೂವು ಮಾರುವವರಿಗೂ ನಕ್ಷೆಯಲ್ಲೇ ಜಾಗ ಗುರುತಿಸಬೇಕು.

ಪಾರ್ಕಿಂಗ್ ವಿಷಯದಲ್ಲೂ ಬೇರೆ ಲೆಕ್ಕ ಬೇಕು. ಕಟ್ಟಡ ದೊಡ್ಡದಾದಷ್ಟೂ ಹೆಚ್ಚು ಪಾರ್ಕಿಂಗ್ ಎಂಬ ಸಾಮಾನ್ಯ ಸೂತ್ರ ನಿಲ್ದಾಣದ ಪಕ್ಕದಲ್ಲಿ ತಿರುಗುಬಾಣ. ಕಾರಿಗೆ ಜಾಗ ಕೊಟ್ಟಷ್ಟೂ ಮೊದಲೇ ಉಸಿರುಗಟ್ಟಿರುವ ರಸ್ತೆಗೆ ಕಾರುಗಳನ್ನು ಕರೆತಂದಂತೆ. ಅಂಗವಿಕಲರಿಗೆ, ಆಂಬುಲೆನ್ಸ್‌ಗೆ, ಸರಕು ವಾಹನಗಳಿಗೆ ಬೇಕಾದಷ್ಟಿದ್ದರೆ ಸಾಕು. ಜತೆಗೆ, ಇಲ್ಲಿನ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಕೆರೆ ಹೋದರೂ ಮಳೆನೀರು ತಗ್ಗು ಹುಡುಕುವುದನ್ನು ಬಿಡುವುದಿಲ್ಲ. ನೆಲಮಾಳಿಗೆ ಅಗೆಯುವ ಮುನ್ನ ಇದು ನೆನಪಿರಲಿ.

'ಬಾಡಿಗೆ ಇಳಿಸಿದರೆ ಹೂಡಿದ ಹಣ ಹೇಗೆ ಮರಳೀತು' ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಭೂಮಿ ಸಾರ್ವಜನಿಕರದ್ದು. ಅಗ್ಗದ ವಸತಿಗೆ ಇಷ್ಟು ಮಹಡಿ, ನಡೆದಾಡಲು ಇಷ್ಟು ಅಗಲ ಎಂದು ಟೆಂಡರ್‌ನಲ್ಲೇ ಬರೆದಿದ್ದರೆ, ಗುತ್ತಿಗೆ ಹಿಡಿಯುವವರು ಆ ಲೆಕ್ಕ ಹಾಕಿಕೊಂಡೇ ದರ ಕೂಗುತ್ತಾರೆ. ಮೇಲಿನ ಮಹಡಿಗಳ ಕಚೇರಿ ಬಾಡಿಗೆ ಕೆಳಗಿನ ಸೌಕರ್ಯದ ಖರ್ಚನ್ನು ಹೊರಲಿ. ಹಾಗೆ ಮಾಡಿದರೆ ಸರ್ಕಾರಕ್ಕೆ ಸಿಗುವ ಮೊತ್ತ ಸ್ವಲ್ಪ ತಗ್ಗಬಹುದು. ಆ ವ್ಯತ್ಯಾಸ ನಷ್ಟವಲ್ಲ, ಪ್ರಯಾಣಿಕರಿಗಾಗಿ ಮಾಡುವ ಖರ್ಚು.

ಈ ಷರತ್ತುಗಳೆಲ್ಲ ಟೆಂಡರ್ ಕರೆಯುವ ಮುನ್ನವೇ ಕಾಗದದ ಮೇಲಿರಬೇಕು. ಕಟ್ಟಡ ಎದ್ದ ಮೇಲೆ ಕೇಳಿದರೆ ಉತ್ತರ ಕೊಡಲು ಬಾಗಿಲಲ್ಲಿ ಸೆಕ್ಯುರಿಟಿಯವರು ಮಾತ್ರ ಇರುತ್ತಾರೆ.