ಒಂದು ಲೋಟ ನೀರು

ಮಾತ್ರೆ ಚಿಕ್ಕದಾದಷ್ಟೂ ಅದರ ತಕರಾರು ದೊಡ್ಡದು ಎಂಬುದಕ್ಕೆ ಥೈರಾಯಿಡ್ ಮಾತ್ರೆಗಿಂತ ಒಳ್ಳೆಯ ನಿದರ್ಶನ ದೊರೆಯಲಾರದು. ತೊಗರಿಬೇಳೆಯಷ್ಟಿರುವ ಆ ಬಿಲ್ಲೆ ಮಲ್ಲೇಶ್ವರದ ಮನೆಯೊಂದರ ನೆಮ್ಮದಿಯನ್ನು ಎಂಟು ತಿಂಗಳ ಕಾಲ ಕದಡಿತು.

ಆ ಮನೆಯ ಹಿರಿಯಾಕೆಗೆ 68 ವರ್ಷ. ಕುಳಿತಲ್ಲೇ ತೂಕಡಿಕೆ, ಬೇಸಗೆಯಲ್ಲೂ ಚಳಿ, ಸಾರಿಗೆ ಉಪ್ಪು ಹಾಕಿದ್ದು ನೆನಪಿಲ್ಲ. ವೈದ್ಯರು ರಕ್ತಪರೀಕ್ಷೆ ಮಾಡಿಸಿ, ಥೈರಾಯಿಡ್ ಗ್ರಂಥಿಯ ಸ್ರಾವ ಕುಗ್ಗಿದೆಯೆಂದು ಹೇಳಿ, ದಿನಕ್ಕೆ 50 ಮೈಕ್ರೋಗ್ರಾಮಿನ ಲೆವೊಥೈರಾಕ್ಸಿನ್ ಬರೆದುಕೊಟ್ಟರು. ಎರಡು ತಿಂಗಳಾದರೂ ಗುಣ ಕಾಣಲಿಲ್ಲ.

“ಈ ಕಂಪನಿಯ ಮಾತ್ರೆ ನಾಟುತ್ತಿಲ್ಲ” ಎಂದು ಮಗ ತೀರ್ಪಿತ್ತನು. ಥೈರೋನಾರ್ಮ್, ಎಲ್ಟ್ರಾಕ್ಸಿನ್, ಥೈರಾಕ್ಸ್ ಎಂದು ಅಂಗಡಿಯಲ್ಲಿ ಹೆಸರುಗಳಿಗೇನು ಬರಗಾಲವೆ? ಪಕ್ಕದ ಮನೆಯವರು ಒಂದನ್ನು ಹೊಗಳಿದರು, ಕಚೇರಿಯ ಮಿತ್ರರು ಮತ್ತೊಂದನ್ನು. ಒಂದು ಸೀಸೆ ಹೋಗಿ ಇನ್ನೊಂದು ಬಂದಿತು. ವೈದ್ಯರು ಪ್ರಮಾಣವನ್ನು 75ಕ್ಕೆ ಏರಿಸಿದರು. ಆದರೂ ರಕ್ತದಲ್ಲಿನ ಟಿ.ಎಸ್.ಎಚ್. ಅಂಕಿ ಇಳಿಯಲಿಲ್ಲ. ಅಷ್ಟರಲ್ಲಿ ಮೊಮ್ಮಗನನ್ನು ಶಾಲೆಯಿಂದ ಕರೆತರುವ ಕೆಲಸವನ್ನು ಮಗ ತಾಯಿಯಿಂದ ಬಿಡಿಸಿದ್ದನು. “ಅಮ್ಮನಿಗೆ ವಯಸ್ಸಾಯಿತು” ಎಂಬ ಅವನ ಮಾತು ಅಡುಗೆಮನೆಯವರೆಗೂ ಕೇಳಿಸಿತು. ಆಕೆ ಏನೂ ಹೇಳಲಿಲ್ಲ.

ಒಂದು ಬೆಳಗ್ಗೆ ಸೊಸೆ ಎಂದಿಗಿಂತ ಬೇಗ ಎದ್ದು ಬಂದಾಗ ಅತ್ತೆ ಒಲೆಯ ಬಳಿ ನಿಂತು, ಬಾಯಿಗೆ ಮಾತ್ರೆ ಹಾಕಿಕೊಂಡು, ಹಬೆಯಾಡುವ ಫಿಲ್ಟರ್ ಕಾಫಿಯನ್ನು ಗುಟುಕರಿಸುತ್ತಿದ್ದರು.

“ಇದೇನತ್ತೆ, ಕಾಫಿಯ ಜೊತೆ ಮಾತ್ರೆಯೆ?”

“ನೀರಿನಲ್ಲಿ ಇಳಿಯುವುದಿಲ್ಲ ಕಣಮ್ಮ. ಗಂಟಲಿಗೇ ಅಂಟಿಕೊಂಡು ಕೂರುತ್ತದೆ. ಕಾಫಿಯಾದರೆ ಗೊತ್ತಾಗದಂತೆ ಜಾರುತ್ತದೆ. ಇಷ್ಟು ಸಣ್ಣ ಮಾತ್ರೆ ನುಂಗಲಾರೆ ಎಂದರೆ ನೀವೆಲ್ಲ ನಗುವುದಿಲ್ಲವೆ?”

ಸೊಸೆ ನಗಲಿಲ್ಲ. ಅಂದು ಸಂಜೆಯೇ ಅತ್ತೆಯನ್ನು ವೈದ್ಯರಲ್ಲಿಗೆ ಕರೆದೊಯ್ದಳು.

ವೈದ್ಯರು ಮೊದಲು ಕತ್ತನ್ನು ಮುಟ್ಟಿ ನೋಡಿದರು. ಅನ್ನ, ಚಪಾತಿಗಳೂ ಸಿಕ್ಕಿಕೊಳ್ಳುತ್ತವೆಯೆ, ದನಿ ಒಡೆದಿದೆಯೆ ಎಂದು ಕೇಳಿದರು. ಗ್ರಂಥಿಯೇ ಊದಿಕೊಂಡು ಅನ್ನನಾಳವನ್ನು ಒತ್ತುವುದುಂಟು. ಹಾಗಿದ್ದರೆ ಅದರ ವಿಚಾರವೇ ಬೇರೆ. ಇಲ್ಲಿ ಅಂಥದೇನೂ ಇರಲಿಲ್ಲ.

“ದೋಷ ಮಾತ್ರೆಯದಲ್ಲಮ್ಮ, ಕಾಫಿಯದು” ಎಂದರು ವೈದ್ಯರು. ಈ ಔಷಧಿ ಕರುಳಿನಿಂದ ರಕ್ತಕ್ಕೆ ಸೇರುವುದಕ್ಕೆ ಕಾಫಿ ಅಡ್ಡ ಬರುತ್ತದೆ. ಬರಿಹೊಟ್ಟೆಯಲ್ಲಿ, ನೀರಿನೊಡನೆ ಮಾತ್ರೆ ನುಂಗಿ, ಕಾಫಿ ತಿಂಡಿಗಳಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡುವು ಕೊಡಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿದ್ದರೆ ಅವಕ್ಕೆ ನಾಲ್ಕು ಗಂಟೆಯ ಅಂತರವಿರಬೇಕು.

ನುಂಗುವ ಕ್ರಮವನ್ನೂ ಹೇಳಿಕೊಟ್ಟರು. ನೆಟ್ಟಗೆ ಕುಳಿತು, ಮೊದಲೊಂದು ಗುಟುಕಿನಿಂದ ಬಾಯನ್ನು ತೇವ ಮಾಡಿಕೊಂಡು, ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು, ತಲೆಯನ್ನು ಹಿಂದಕ್ಕೆ ಚೆಲ್ಲದೆ ನೀರು ಕುಡಿಯಬೇಕು. ಲೋಟ ಪೂರ್ತಿ ಬರಿದಾಗಬೇಕು. ಅದೂ ಆಗದಿದ್ದರೆ ಪುಡಿ ಮಾಡಿ, ಒಂದೆರಡು ಚಮಚ ನೀರಿನಲ್ಲಿ ಕದಡಿ, ಒಡನೆಯೇ ಕುಡಿಯಬಹುದು.

“1892ರ ಸುಮಾರಿಗೆ ಇಂಗ್ಲೆಂಡಿನಲ್ಲಿ ರೋಗಿಗಳಿಗೆ ಕುರಿಯ ಗ್ರಂಥಿಯನ್ನೇ ತಿನ್ನಿಸುತ್ತಿದ್ದರಮ್ಮ” ಎಂದು ವೈದ್ಯರು ನಕ್ಕಾಗ ಹಿರಿಯಾಕೆ “ರಾಮ ರಾಮ!” ಎಂದು ಕಿವಿ ಮುಚ್ಚಿಕೊಂಡರು. ಥೈರಾಕ್ಸಿನ್ನನ್ನು 1914ರಲ್ಲಿ ಕೆಂಡಾಲ್ ಬೇರ್ಪಡಿಸಿ, 1927ರಲ್ಲಿ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಪ್ರಯೋಗಶಾಲೆಯಲ್ಲಿ ತಯಾರಿಸಿದ ಪುಣ್ಯದಿಂದ ಆಕೆಗೆ ಆ ಸಂಕಟ ತಪ್ಪಿತ್ತು.

“ಹಾಗಾದರೆ ಯಾವ ಕಂಪನಿಯದು ಒಳ್ಳೆಯದು?” ಎಂದು ಸೊಸೆ ಕೇಳಿದಳು.

ಎಲ್ಲದರಲ್ಲಿಯೂ ಔಷಧಿ ಒಂದೇ. ಜೊತೆಗೆ ಬೆರೆಸುವ ವಸ್ತುಗಳು ಬೇರೆ. 2017ರಲ್ಲಿ ಫ್ರಾನ್ಸಿನಲ್ಲಿ ಬಹುಬಳಕೆಯ ಮಾತ್ರೆಯೊಂದರ ಔಷಧಿಯನ್ನು ಹಾಗೆಯೇ ಉಳಿಸಿ, ಲ್ಯಾಕ್ಟೋಸಿನ ಬದಲು ಮ್ಯಾನಿಟಾಲ್ ಮತ್ತು ಸಿಟ್ರಿಕ್ ಆಮ್ಲವನ್ನು ಸೇರಿಸಿದಾಗ ಸಾವಿರಾರು ಮಂದಿ ಆಯಾಸ, ತಲೆನೋವುಗಳ ದೂರಿತ್ತರು. ಮೈಕ್ರೋಗ್ರಾಮಿನ ಲೆಕ್ಕದ ಔಷಧಿಯಲ್ಲಿ ಅಲ್ಪ ಅಂತರವೂ ಅಲ್ಪವಲ್ಲ. ಆದುದರಿಂದ ಉತ್ತಮವಾದುದನ್ನು ಹುಡುಕುವುದಕ್ಕಿಂತ ಒಂದನ್ನೇ ಹಿಡಿದು ನಡೆಯುವುದು ಲೇಸು. ಬದಲಾಯಿಸಲೇಬೇಕಾದರೆ ವೈದ್ಯರಿಗೆ ತಿಳಿಸಿ, ಆರೆಂಟು ವಾರಗಳ ನಂತರ ರಕ್ತಪರೀಕ್ಷೆ ಮಾಡಿಸಬೇಕು.

ವೈದ್ಯರು ಪ್ರಮಾಣವನ್ನು ಮತ್ತೆ 50ಕ್ಕೆ ಇಳಿಸಿದರು. ಕಾಫಿಯೊಡನೆ ಸಾಲದೆ ಹೋದ 75 ನೀರಿನೊಡನೆ ಹೆಚ್ಚಾದೀತು. ಹೆಚ್ಚಾದರೆ ಎದೆ ಬಡಿತ ಏರುತ್ತದೆ, ಮೂಳೆ ಸವೆಯುತ್ತದೆ.

ಎರಡು ತಿಂಗಳ ಮೇಲೆ ಟಿ.ಎಸ್.ಎಚ್. ಹದಕ್ಕೆ ಬಂದಿತು. ಮಗ ಆ ಕಾಗದವನ್ನು ಎರಡು ಸಲ ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಮ್ಮಾ, ನಾಳೆಯಿಂದ ಮಗುವನ್ನು ನೀನೇ ಕರೆದುಕೊಂಡು ಬರುತ್ತೀಯಾ?” ಎಂದು ಕೇಳಿದನು.

ಈಗ ಆ ಮನೆಯಲ್ಲಿ ಬೆಳಗ್ಗೆ ಅತ್ತೆ ಮಾತ್ರೆ ನುಂಗಿದ ಒಂದು ಗಂಟೆಯ ಮೇಲೆಯೇ ಕಾಫಿ. ಅಲ್ಲಿಯವರೆಗೆ ಸೊಸೆಯೂ ಕುಡಿಯುವುದಿಲ್ಲ.