ನಿಯಮ ಓದದವನು ಕೋಚ್, ಬೈಸಿಕೊಳ್ಳುವವನು ಹುಡುಗ

ಅಮೆರಿಕದವರ ಫುಟ್‌ಬಾಲ್ ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವ, ಎಸೆಯುವ ಆಟ ಅದು. ಕಾಲಲ್ಲಿ ಒದೆಯುವುದು ಆಗೊಮ್ಮೆ ಈಗೊಮ್ಮೆ. ಅದಕ್ಕೇ ಇರಬೇಕು, ಮಕ್ಕಳ ತಂಡದ ಎಷ್ಟೋ ಕೋಚ್‌ಗಳಿಗೆ ಒದೆತದ ನಿಯಮ ಅಂದರೆ ಅಸಡ್ಡೆ. "ಚೆಂಡು ಬಿದ್ದರೆ ಮೇಲೆ ಬೀಳು" ಅನ್ನುವುದಷ್ಟೇ ಪಾಠ. ಆ ಪಾಠವೇ ಮಕ್ಕಳನ್ನು ಹಳ್ಳಕ್ಕೆ ತಳ್ಳುತ್ತದೆ.

ಹೇಗೆ ನೋಡಿ. ಆಟ ಶುರು ಮಾಡುವ ಕಿಕ್‌ಆಫ್‌ನಲ್ಲಿ ಚೆಂಡು 10 ಗಜ ದಾಟಿದರೆ ಯಾರು ಹಿಡಿದರೆ ಅವರದು. ಒದ್ದವರೇ ಓಡಿಬಂದು ಹಿಡಿಯಬಹುದು. ಅಲ್ಲಿ ಮೇಲೆ ಬೀಳಲೇಬೇಕು. ಪಂಟ್ ಹಾಗಲ್ಲ. ಇನ್ನು ಮುಂದೆ ಸಾಗಲು ಆಗದು ಅನ್ನಿಸಿದಾಗ ಚೆಂಡನ್ನು ದೂರ ಒದ್ದು ಬಿಟ್ಟುಕೊಡುವುದು ಪಂಟ್. ಎದುರು ತಂಡ ಮುಟ್ಟದೆ ಸುಮ್ಮನೆ ನಿಂತರೂ ಚೆಂಡು ಅವರದೇ. ಮುಟ್ಟಿ ಕೈಜಾರಿಸಿದರೆ ಮಾತ್ರ ಒದ್ದವರೂ ಬಾಚಿಕೊಳ್ಳಬಹುದು. ಕಬಡ್ಡಿಯ ಲಾಬಿ ಇದ್ದ ಹಾಗೆ: ಮೈ ತಾಗುವ ತನಕ ಆಟದ ಹೊರಗೆ, ತಾಗಿದ ಮೇಲೆ ಒಳಗೆ.

ಇದು ಮಕ್ಕಳ ಪೆದ್ದುತನ ಅನ್ನಬೇಡಿ. 1993ರ ನವೆಂಬರ್ 25, ಟೆಕ್ಸಾಸ್‌ನಲ್ಲಿ ಹಿಮ ಬಿದ್ದ ಮೈದಾನ. ಡಲ್ಲಾಸ್ ಕೌಬಾಯ್ಸ್ ಮಯಾಮಿ ಡಾಲ್ಫಿನ್ಸ್ ಮೇಲೆ 14-13 ಮುಂದಿತ್ತು, ಉಳಿದದ್ದು ಸೆಕೆಂಡುಗಳು. ಮಯಾಮಿಯ ಒದೆತವನ್ನು ಡಲ್ಲಾಸ್ ತಡೆದೇಬಿಟ್ಟಿತು. ಮುಂದಕ್ಕೆ ಉರುಳಿದ ಚೆಂಡನ್ನು ಬಿಟ್ಟುಬಿಟ್ಟಿದ್ದರೆ ಗೆದ್ದಂತೆ. ಲಿಯಾನ್ ಲೆಟ್ ಜಾರುತ್ತಾ ಬಂದು ಮುಟ್ಟಿದ. ಚೆಂಡು ಮಯಾಮಿ ಪಾಲಾಯಿತು, ಮತ್ತೆ ಒದ್ದು 16-14ಕ್ಕೆ ಗೆದ್ದರು. ಸಂಬಳ ತಗೊಂಡು ಆಡುವವನ ಗತಿಯೇ ಹೀಗಾದರೆ ಹನ್ನೊಂದರ ಹುಡುಗನಿಗೆ ಮೈದಾನದ ಅಂಚಲ್ಲಿ ನಿಂತು ಗದರಿ ಏನು ಫಲ?

ಚಿಕ್ಕವರಿಗೆ ಇಷ್ಟೆಲ್ಲಾ ಯಾಕೆ ಅನ್ನುವವರಿದ್ದಾರೆ. ಪಾಪ್ ವಾರ್ನರ್ ಸಂಸ್ಥೆ 2016ರಲ್ಲಿ 5ರಿಂದ 10 ವರ್ಷದವರ ವಿಭಾಗಗಳಲ್ಲಿ ಕಿಕ್‌ಆಫನ್ನೇ ತೆಗೆದುಹಾಕಿತು, ಓಡಿಬಂದು ಡಿಕ್ಕಿ ಹೊಡೆದು ಪೆಟ್ಟಾಗುತ್ತದೆ ಅಂತ. ಒಳ್ಳೆಯದೇ ಮಾಡಿತು. ಆದರೆ ಅದೇ ಮಕ್ಕಳು ಮುಂದಿನ ವಿಭಾಗಕ್ಕೆ ಹೋದಾಗ ಕಿಕ್‌ಆಫ್ ಅವರಿಗೆ ಹೊಸದು, ಎದುರಿಗೆ ಬರುವ ಮೈಗಳು ದೊಡ್ಡವು. ಮೇಲಾಗಿ ಒಂದೊಂದು ಲೀಗಿಗೆ ಒಂದೊಂದು ನಿಯಮ. ಟಿವಿ ನೋಡಿ ಕಲಿತ ಕೋಚ್ ಅಲ್ಲೇ ಎಡವುವುದು. ತನ್ನ ಲೀಗಿನ ಪುಸ್ತಕದಲ್ಲಿ ಒದೆತದ ಪುಟಗಳನ್ನು ಓದಲು ಒಂದು ಸಂಜೆ ಸಾಲದೇ?

ಓದಿದ ಮೇಲೆ ಕಲಿಸುವುದು ಕಷ್ಟವಲ್ಲ. ಪಂಟ್ ಹಿಡಿಯಲು ಆಗದು ಅನ್ನಿಸಿದ ಕೂಡಲೇ ಹಿಂದೆ ನಿಂತ ಹುಡುಗ "ಪಾಯ್ಸನ್, ಪಾಯ್ಸನ್" ಅಂತ ಕೂಗಬೇಕು, ಅವನ ತಂಡದವರೆಲ್ಲ ಚೆಂಡಿನಿಂದ ದೂರ ಓಡಬೇಕು. ಇದನ್ನು ಅಭ್ಯಾಸದ ಕೊನೆಯಲ್ಲಿ, ಎಲ್ಲರೂ ಸುಸ್ತಾದಾಗ ಅಲ್ಲ, ಮೊದಲ ಹತ್ತು ನಿಮಿಷದಲ್ಲಿ ಮಾಡಿಸಲಿ.